ಅಧ್ಯಕ್ಷರು ಕಾಳು ಕಡಿದ ಮೇಲೆ

1999ರ ಮಾರ್ಚ್‌ನಲ್ಲಿ ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರ ಸಂಘವೊಂದು ತನ್ನ ಮ್ಯಾನೇಜರನ್ನು ಅಮಾನತು ಮಾಡಿತು. ಗೋದಾಮಿನಲ್ಲಿದ್ದ ಪಾರ್ಚ್‌ಮೆಂಟ್‌ಗೆ ಬೂಷ್ಟು ಹಿಡಿದಿತ್ತು, ಅದಕ್ಕೆ ಅವರ ನಿರ್ಲಕ್ಷ್ಯ ಕಾರಣ ಎಂದು ಆದೇಶದಲ್ಲಿತ್ತು. ಆ ಮ್ಯಾನೇಜರ್ ನನ್ನ ಭಾವ, ಅಕ್ಕನ ಗಂಡ. ನಾನು ಆಗ ಚಿಕ್ಕಮಗಳೂರಿನಲ್ಲಿ ಪತ್ರಿಕೆಯೊಂದರ ವರದಿಗಾರನಾಗಿದ್ದೆ.

ಹಣ್ಣಿನ ತಿರುಳು ತೆಗೆದು, ತೊಳೆದು, ಕಣದಲ್ಲಿ ಒಣಗಿಸಿದ ಕಾಫಿಯೇ ಪಾರ್ಚ್‌ಮೆಂಟ್. ಮೇಲೊಂದು ತೆಳು ಸಿಪ್ಪೆ ಉಳಿದಿರುತ್ತದೆ. ಅದು ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ನಮ್ಮ ಕಡೆಯ ಬೆಳೆಗಾರರು ಸಿಪ್ಪೆ ಸುಲಿದು ಒಂದು ಕಾಳನ್ನು ಹಲ್ಲಿನಲ್ಲಿ ಕಡಿಯುತ್ತಾರೆ. ಒಣಗಿದ್ದರೆ ಕಾಳು ಗಟ್ಟಿ, ಹಲ್ಲು ಊರುವುದಿಲ್ಲ. ಹಸಿಯಿದ್ದರೆ ಹಲ್ಲಿನ ಗುರುತು ಬೀಳುತ್ತದೆ. ಸಂಘದಲ್ಲಿ ಈ ಕೆಲಸ ಅಧ್ಯಕ್ಷರದ್ದು. ಲಾರಿ ಬಂದಾಗ ಮೊದಲು ಅವರು ಕಡಿಯಬೇಕು, ಆಮೇಲೆ ನಿರ್ದೇಶಕರು. ತೇವ ಅಳೆಯುವ ಯಂತ್ರ ಇತ್ತು. ಅದು ಅಧ್ಯಕ್ಷರ ಕೋಣೆಯ ಬೀರುವಿನಲ್ಲಿರುತ್ತಿತ್ತು. "ಅದಕ್ಕೆ ನಾಲ್ಗೆ ಇದ್ಯಾ?" ಎಂದು ಅವರು ಒಮ್ಮೆ ಕೇಳಿದ್ದರು. ಎಲ್ಲರೂ ನಕ್ಕಿದ್ದರು.

ಅಧ್ಯಕ್ಷರು ದೊಡ್ಡ ಎಸ್ಟೇಟಿನ ಯಜಮಾನರು. ಸಂಘ ಕಟ್ಟಿದವರಲ್ಲಿ ಮೊದಲಿಗರು. ಹಿಂದಿನ ಮಳೆಗಾಲದಲ್ಲಿ ಅವರು ಹಲ್ಲು ಕಟ್ಟಿಸಿಕೊಂಡಿದ್ದರು. ಮೇಲೂ ಕೆಳಗೂ ಪೂರ್ತಿ ಸೆಟ್ಟು. ಅದು ಗೊತ್ತಿಲ್ಲದವರು ಸಂಘದಲ್ಲಿ ಯಾರೂ ಇರಲಿಲ್ಲ. ಅದರ ಬಗ್ಗೆ ಮಾತಾಡಿದವರೂ ಇರಲಿಲ್ಲ.

ಆ ಜನವರಿಯಲ್ಲಿ ಕೆಲವು ದಿನ ಮೋಡ ಮುಚ್ಚಿಕೊಂಡಿತ್ತು. ಅದರ ಹಿಂದೆಯೇ ವಸ್ತಾರೆ ಕಡೆಯಿಂದ ಒಂದು ಲೋಡು ಬಂತು. ಮೂಡಿಗೆರೆಗೆ ಬೇರೆ ಸುದ್ದಿಗೆಂದು ಹೋದವನು ಭಾವನನ್ನು ನೋಡಲು ಅಲ್ಲಿಗೆ ಹೋಗಿದ್ದೆ. ಅಧ್ಯಕ್ಷರು ಕಾಳನ್ನು ಬಾಯಿಗೆ ಹಾಕಿ, ಕಡಿದು, ಉಗಿದರು.

"ಒಣಗಿದೆ. ಇಳಿಸ್ಕೊಳ್ಳಿ."

ಮೂವರು ನಿರ್ದೇಶಕರು ಒಬ್ಬರ ನಂತರ ಒಬ್ಬರು ಕಡಿದರು. "ಒಣಗಿದೆ" ಎಂದರು. ಭಾವನೂ ಒಂದು ಕಾಳು ಕಡಿದರು.

"ಯಜಮಾನ್ರೇ, ಇನ್ನೊಂದೆರಡು ದಿನ ಬಿಸ್ಲು ಬೇಕೇನೋ. ಮೆಷಿನ್ ಇಟ್ಟು ನೋಡನಾ?"

"ನಮ್ಮಜ್ಜ ಕಾಫಿ ನೆಡುವಾಗ ನಿಮ್ಮಜ್ಜ ಎಲ್ಲಿದ್ರು ಮ್ಯಾನೇಜ್ರೇ?"

ನಿರ್ದೇಶಕರು ನಕ್ಕರು. ಲಾರಿಯವನೂ ನಕ್ಕ. ಮೂಟೆಗಳು ಗೋದಾಮಿಗೆ ಹೋದವು. ಮೊದಲೇ ಇದ್ದ ಒಳ್ಳೆಯ ಮಾಲಿನ ಜೊತೆ ಅವನ್ನು ಬೆರೆಸಿದರು. ಸಂಘದ ಪದ್ಧತಿ ಹಾಗಿತ್ತು.

ಫೆಬ್ರವರಿ ಕೊನೆಗೆ, ಸಿಪ್ಪೆ ತೆಗೆದು ಕಾಫಿಯನ್ನು ಮಾರಾಟಕ್ಕೆ ಸಿದ್ಧ ಮಾಡುವ ಕ್ಯೂರಿಂಗ್ ವರ್ಕ್ಸ್‌ನವರು ಅಷ್ಟೂ ಮಾಲನ್ನು ಮುಗ್ಗು ವಾಸನೆ ಎಂದು ವಾಪಸು ಕಳಿಸಿದರು. ಅಮಾನತಿನ ಆದೇಶದ ಜೊತೆ ಭಾವನಿಗೆ ಇನ್ನೊಂದು ಮಾತನ್ನೂ ಹೇಳಿದ್ದರು: ಮಹಾಸಭೆ ಒಪ್ಪಿದರೆ ಕೆಲಸದಿಂದಲೇ ತೆಗೆಯಲಾಗುವುದು. ಅವರಿಗೆ ಬೇರೆ ಆದಾಯವಿರಲಿಲ್ಲ. ಸಂಘದ ಕ್ವಾರ್ಟರ್ಸಿನಲ್ಲೇ ಸಂಸಾರ.

ಸಭೆಗೆ ಮುಂಚೆ ಭಾವ ಗೋಣಿಬೀಡಿನಲ್ಲಿದ್ದ ನಿರ್ದೇಶಕರೊಬ್ಬರ ಮನೆಗೆ ಹೋದರು. ಅಂದು ಕಾಳು ಕಡಿದ ಮೂವರಲ್ಲಿ ಅವರೊಬ್ಬರು, ಭಾವನ ಜೊತೆ ಓದಿದವರು. ನಾನೂ ಜೊತೆಗಿದ್ದೆ.

"ನಿನ್ನ ಹಲ್ಲಿಗೆ ಮೆತ್ತಗೆ ಸಿಗ್ಲಿಲ್ವಾ? ನಿಜ ಹೇಳು" ಎಂದರು ಭಾವ.

"ಮೆತ್ತಗಿತ್ತು ಮಾರಾಯ. ಬೇಯಿಸಿದ ಕಡ್ಲೆ ಥರ ಇತ್ತು."

"ಮತ್ತೆ ಒಣಗಿದೆ ಅಂದ್ಯಲ್ಲ?"

"ಅವ್ರು ಒಣಗಿದೆ ಅಂದ್ಮೇಲೆ ನಾನು ಮೆತ್ತಗಿದೆ ಅಂದ್ರೆ ಏನಾಗತ್ತೆ? ಅವ್ರ ಹಲ್ಲಿನ ವಿಷ್ಯ ಎತ್ತಿದ ಹಾಗಾಗಲ್ವಾ? ಅಷ್ಟು ಜನರ ಎದ್ರು?"

"ಸಭೇಲಿ ಹಲ್ಲಿನ ಮಾತು ಬೇಡ. ಅವತ್ತು ಮ್ಯಾನೇಜರ್ ಬೇಡ ಅಂದಿದ್ರು ಅಂತ ಅಷ್ಟೇ ಹೇಳು."

"ನೋಡನ" ಎಂದರು. ಅವರ ಹೆಂಡತಿ ಅಕ್ಕಿರೊಟ್ಟಿ ತಂದಿಟ್ಟರು. ತಿಂದು ಬಂದೆವು.

ಮಹಾಸಭೆಯಲ್ಲಿ ಅಧ್ಯಕ್ಷರೇ ವಿಷಯ ಮಂಡಿಸಿದರು. ಶಿಸ್ತಿನ ವಿಷಯದಲ್ಲಿ ಯಾರ ಮುಖವನ್ನೂ ನೋಡಬಾರದು ಎಂದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ಬಣಕಲ್ಲಿನ ಸಣ್ಣ ಬೆಳೆಗಾರರೊಬ್ಬರು ಎದ್ದು, ಮಾಲು ಒಣಗಿದೆ ಎಂದು ಪಾಸು ಮಾಡಿದವರು ಯಾರು ಎಂದು ಕೇಳಿದರು.

ಅಧ್ಯಕ್ಷರು ಭಾವನ ಕಡೆ ತಿರುಗಿದರು. "ಮ್ಯಾನೇಜ್ರೇ, ಗೋದಾಮಿನ ಕೀ ಯಾರ ಹತ್ರ ಇರತ್ತೆ?"

"ನನ್ನ ಹತ್ರ. ಆದ್ರೆ ಅವತ್ತು..."

"ಅಷ್ಟೇ ಕೇಳಿದ್ದು. ಕೂತ್ಕಳಿ."

ಭಾವ ಕೂರಲಿಲ್ಲ. ಗೋಣಿಬೀಡಿನ ನಿರ್ದೇಶಕರ ಕಡೆ ನೋಡಿದರು. ಅವರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. "ಊಟಕ್ಕೆ ತಡ ಆಗ್ತಿದೆ. ಕೈ ಎತ್ತಿಸಿ ಮುಗಿಸನ" ಎಂದರು. ಕೈಗಳು ಎದ್ದವು. ಪ್ರಶ್ನೆ ಕೇಳಿದ ಬಣಕಲ್ಲಿನವರೂ ಪಕ್ಕದವರನ್ನು ನೋಡಿ ಕೈ ಎತ್ತಿದರು.

ಸಂಬಂಧಿಕನಾದ್ದರಿಂದ ಆ ಸುದ್ದಿಯನ್ನು ನಾನು ಬರೆಯುವಂತಿರಲಿಲ್ಲ. ಬರೆದ ಸಹೋದ್ಯೋಗಿ ಸಭೆಯ ನಿರ್ಣಯವನ್ನು ಇದ್ದ ಹಾಗೆ ಕೊಟ್ಟರು. ಅದರಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ.

ಅಕ್ಕ ಕ್ವಾರ್ಟರ್ಸ್ ಖಾಲಿ ಮಾಡಿದಳು. ಹೊಸ ಮ್ಯಾನೇಜರ್ ಬಂದರು, ಮೊದಲ ಸುಗ್ಗಿಯಲ್ಲೇ ಅಧ್ಯಕ್ಷರ ನಂತರ ಕಾಳು ಕಡಿದು "ಒಣಗಿದೆ" ಎನ್ನುವುದನ್ನು ರೂಢಿ ಮಾಡಿಕೊಂಡರು. ಭಾವ ಕಳಸದ ಹತ್ತಿರ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆದರು. ಅಲ್ಲಿನ ಯಜಮಾನರು ಪ್ರಾಯದವರು, ಅವರ ಹಲ್ಲೆಲ್ಲ ಸರಿಯಿತ್ತು. ಒಮ್ಮೆ ಅವರು ಹಸಿ ಪಾರ್ಚ್‌ಮೆಂಟನ್ನು ಒಣಗಿದೆ ಎಂದರಂತೆ. ಊಟ ಬಡಿಸುತ್ತ ಅಕ್ಕ ಕೇಳಿದಳು, "ನೀವೇನಂದ್ರಿ?"

"ಒಣಗಿದೆ ಅಂದೆ" ಎಂದರು ಭಾವ. "ಸ್ವಲ್ಪ ಸಾರು ಹಾಕು."

ಕೆಲಸದಿಂದ ತೆಗೆದದ್ದರ ವಿರುದ್ಧ ಅವರು ಹಾಕಿದ್ದ ದಾವೆ ನಡೆಯುತ್ತಲೇ ಇತ್ತು. ಸಾಕ್ಷಿ ಹೇಳಲು ಯಾರೂ ಒಪ್ಪಲಿಲ್ಲ. ಸಂಘದ ವಕೀಲರು ಮತ್ತೆ ಮತ್ತೆ ಸಮಯ ಕೇಳಿದರು. 2007ರಲ್ಲಿ ಭಾವ ಸಂಘದ ನಿವೃತ್ತಿ ವಯಸ್ಸು ದಾಟಿದರು. ದಾವೆಯನ್ನು ಈಗ ಮತ್ತೆ ಮುಂದಿನ ತಿಂಗಳಿಗೆ ಮುಂದೂಡಲಾಗಿದೆ.