ಪೊರೆ ದಾಟಿ ಬಂದ ತಾಮ್ರ

“ಈ ತಟ್ಟೆ ಒಂದೇ ಅಲ್ಲ ಸಾಬ್ರೇ, ಕೆಳಗಿನ ತಟ್ಟೇಲೂ ಅರ್ಧ ಹುಳ ತಲೆ ಎತ್ತುತ್ತಿಲ್ಲ. ಸೊಪ್ಪು ನಮ್ಮ ತೋಟದ್ದೇ, ಮನೇನೂ ನಮ್ದೇ. ಹೊಸದಾಗಿ ಬಂದಿದ್ದು ನಿಮ್ಮ ನೀರೊಂದೇ ಕಣಪ್ಪ!”

ಅಶ್ವತ್ಥಮ್ಮ ಬಿದಿರ ತಟ್ಟೆಯನ್ನು ಸಾದಿಕ್ ಪಾಷಾರ ಗಿಲೀಟು ಅಂಗಡಿಯ ಹೊಸ್ತಿಲ ಮೇಲಿಟ್ಟರು. ಎರಡನೇ ಜ್ವರ, ಅಂದರೆ ಚರ್ಮ ಕಳಚುವ ನಿದ್ದೆ, ಮುಗಿಸಿ ಎದ್ದು ಸೊಪ್ಪಿಗೆ ಹಾತೊರೆಯಬೇಕಿದ್ದ ರೇಷ್ಮೆ ಹುಳುಗಳು ಅದರಲ್ಲಿ ಮುದುಡಿ ಬಿದ್ದಿದ್ದವು.

“ನನ್ನ ನೀರಾ? ಛೇ ಛೇ, ಅಕ್ಕಾ! ಸೂಜಿ ಮೊನೆ ತೂರದ ಪೊರೆ ಅದು. ಲೋಹ ಹೆಂಗೆ ತೂರುತ್ತೆ?”

ಈ ಮಾತನ್ನು ಪಾಷಾ ಶಿಡ್ಲಘಟ್ಟದಲ್ಲಿ ಎಲ್ಲರ ಮುಂದೆಯೂ ಹೇಳಿದ್ದರು. ಸೈಕಲ್ ಹ್ಯಾಂಡಲ್‌ಗೆ ಮೊದಲು ತಾಮ್ರ, ಅದರ ಮೇಲೆ ನಿಕಲ್ ಹಚ್ಚಿ ಕನ್ನಡಿಯಂತೆ ಹೊಳೆಯಿಸುವುದು ಅವರ ಕಸುಬು. ಆ ತೊಳೆದ ನೀಲಿ ನೀರು ಬೀದಿಗೆ ಹರಿಯಬಾರದೆಂದು ಆಡಿನ ಉಚ್ಚೆಚೀಲವನ್ನು ಚೆನ್ನಾಗಿ ತೊಳೆದು, ಬಿಡಿಸಿ, ಗಡಿಗೆಯ ಬಾಯಿಗೆ ಬಿಗಿದಿದ್ದರು. ನೀರು ಹನಿ ಹನಿಯಾಗಿ ಜಿನುಗಿ ಗಾಜಿನಂತೆ ಇಳಿಯುತ್ತಿತ್ತು. ಬಂದವರಿಗೆಲ್ಲ ಅದನ್ನು ತೋರಿಸುವುದೇ ಒಂದು ಸಂಭ್ರಮ.

ಅರವತ್ತಮೂರರ ಆ ಬೇಸಿಗೆಯಲ್ಲಿ ಬೀದಿಯ ಬಾವಿ ಬತ್ತಿತ್ತು. ಸೊಪ್ಪು ಬಾಡದಂತೆ ಮುಚ್ಚುವ ಗೋಣಿಯನ್ನು ನೆನೆಸಲೂ ಅಶ್ವತ್ಥಮ್ಮನಿಗೆ ನೀರಿರಲಿಲ್ಲ. ಪಾಷಾರೇ ಒತ್ತಾಯ ಮಾಡಿ ಒಂದು ಕೊಡ ಕೊಟ್ಟಿದ್ದರು. ಆಡಿನ ಚೀಲ ಎಂದು ಕೇಳಿ ಅಶ್ವತ್ಥಮ್ಮ ಮೊದಲು ಮೂಗು ಮುರಿದಿದ್ದರು, ಆಮೇಲೆ, “ಕುಡಿಯೋಕಲ್ಲ, ಗೋಣಿಗೆ ತಾನೇ” ಎಂದು ಹೊತ್ತೊಯ್ದಿದ್ದರು.

“ನೋಡಿ, ಈಗಲೇ ತೋರಿಸ್ತೀನಿ” ಎಂದು ಪಾಷಾ ಅಂಗಡಿಯ ಕಬ್ಬಿಣದ ಕೀಲಿಕೈಯನ್ನು ಉಜ್ಜಿ ಬೆಳ್ಳಗೆ ಮಾಡಿ, ಸೋಸಿದ ನೀರಿಗೆ ಬಿಟ್ಟರು. “ತಾಮ್ರ ಇದ್ರೆ ಕಬ್ಬಿಣಕ್ಕೆ ಹತ್ತುತ್ತೆ. ಇಲ್ಲಾಂದ್ರೆ ಹಂಗೇ ಇರುತ್ತೆ.”

ಒಳಗಿನಿಂದ ಚಹಾ ಬಂತು, ಕುಡಿದದ್ದೂ ಆಯಿತು. ಪಾಷಾ ಕೀಲಿಕೈ ಎತ್ತಿದರು. ಅದು ಕೆಂಪಗಿತ್ತು.

ಅವರು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಕಬ್ಬಿಣಕ್ಕೆ ತಾಮ್ರ ಹತ್ತಿಸಿಯೇ ಹೊಟ್ಟೆ ಹೊರೆಯುವವರು, ಇಷ್ಟು ದಿನ ಒಂದು ಮೊಳೆಯನ್ನಾದರೂ ಆ ನೀರಿಗೆ ಬಿಟ್ಟು ನೋಡಿರಲಿಲ್ಲ. ಅಷ್ಟು ಚೆಂದ ಹನಿಯುತ್ತಿತ್ತಲ್ಲ, ಕಣ್ಣೇ ಸಾಕೆಂದುಕೊಂಡಿದ್ದರು.

“ಕೈ ಬಿಚ್ಚಿ ಸಾಬ್ರೇ. ನಾನೂ ನೋಡ್ತೀನಿ.”

ಬಿಚ್ಚಿದರು.

“ಊರಿಗೆಲ್ಲ ತೋರಿಸ್ತಿದ್ರಲ್ಲ, ಇವರಿಗೂ ತೋರಿಸಿ!” ಪರದೆಯ ಹಿಂದಿನಿಂದ ಹೆಂಡತಿ ರಹಮತುನ್ನೀಸಾ ಉರ್ದುವಿನಲ್ಲಿ ಚುಚ್ಚಿದರು. ಪಾಷಾ ತಟ್ಟೆಯ ಹುಳುಗಳತ್ತ ನೋಡಲಾರದೆ ಗೋಡೆ ನೋಡಿದರು.

“ಪೊರೆ ಕೊಳೆ ತಡೆದಿದೆ ಅಕ್ಕಾ, ಕರಗಿದ ತಾಮ್ರಾನ ಬಿಟ್ಟಿದೆ. ನಂದೇ ತಪ್ಪು. ಇನ್ನು ತೊಟ್ಟಿ ತುಂಬ ಕಬ್ಬಿಣದ ಚೂರು ಹಾಕ್ತೀನಿ, ತಾಮ್ರ ಎಲ್ಲಾ ಅದಕ್ಕೇ ಅಂಟ್ಕಳ್ಳಲಿ. ಆದ್ರೂ ಆ ನೀರು ನಿಮಗೆ ಕೊಡಲ್ಲ.” ಕೀಲಿಕೈ ಕೆಳಗಿಟ್ಟು, “ಮೇಲೂರು ಬಾವಿಯಿಂದ ಸೈಕಲ್ ಮೇಲೆ ನೀರು ತರ್ತೀನಿ... ನನ್ನ ಕೈಯಿಂದ ಇಸ್ಕೊಳ್ತೀರಾ?” ಎಂದರು.

ಅಶ್ವತ್ಥಮ್ಮ ಬಗ್ಗಿ ಹುಳುಗಳನ್ನೊಮ್ಮೆ ನೋಡಿದರು. ತಟ್ಟೆ ಎತ್ತಿಕೊಂಡರು.

“ಮನೇಲಿ ಮೇಲಿನ ತಟ್ಟೆ ಹುಳ ಉಳ್ದಿವೆ. ಮುಂದಿನ ವಾರ ಮೂರನೇ ಜ್ವರ ಏಳ್ತವೆ, ಆಗ ಸೊಪ್ಪು ಜಾಸ್ತಿ ಬೇಕು, ನೀರೂ ಬೇಕು. ಶುಕ್ರವಾರ ನಮಾಜ್ ಮುಗಿಸ್ಕಂಡು ಬನ್ನಿ. ಗೋಣಿಗೆ ಚಿಮುಕಿಸೋದು ಮಾತ್ರ ನಾನೇ.”

“ಬರ್ತೀನಕ್ಕಾ,” ಎಂದರು ಪಾಷಾ, ಇನ್ನೂ ಗೋಡೆಯನ್ನೇ ನೋಡುತ್ತಾ. “ಶುಕ್ರವಾರ ಬಂದೇ ಬರ್ತೀನಿ.”