ಅತ್ತೆ ಕೂಗಿ ತಂದ ಬಸವ

ನಮ್ಮತ್ತೆಯ ಬಲಗೈ ಹೆಬ್ಬೆರಳಿನ ಉಗುರು ವರ್ಷವಿಡೀ ಕೆಂಪಗಿರುತ್ತಿತ್ತು. ನೋಡಿದವರು ಗೋರಂಟಿ ಅಂದುಕೊಳ್ಳುತ್ತಿದ್ದರು. ಅದು ಅರಗಿನ ಬಣ್ಣ. ಬಣ್ಣ ಹೋದ ಹಳೆಯ ಮರದ ಆಟಿಕೆಗಳಿಗೆ ಅವಳು ಅರಗನ್ನು ಬಿಸಿ ಮಾಡಿ ಬೆರಳಿನಿಂದಲೇ ತೀಡುತ್ತಿದ್ದಳು. "ಸುಡಲ್ವಾ ಅತ್ತೆ?" ಎಂದು ಕೇಳಿದರೆ, "ಸುಡ್ತದೆ. ಅನ್ನ ಬಸಿಯುವಾಗ ಗಂಜೀನೂ ಸುಡ್ತದೆ, ಅದನ್ನ ಯಾರೂ ಕೇಳಲ್ಲ" ಎಂದು ನಗುತ್ತಿದ್ದಳು.

ಅವಳು ನನ್ನ ಅಪ್ಪನ ಅಕ್ಕ. ತಿಪಟೂರಿನಲ್ಲಿ ಮನೆ. ಮಾವನವರು ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರು. ಎಪ್ಪತ್ತರ ದಶಕದ ಆ ದಿನಗಳಲ್ಲಿ ಮಂಡಿಗೆ ಕೊಬ್ಬರಿ ಚೀಲದ ಜೊತೆಗೆ ಸುತ್ತಲ ಊರುಗಳ ಸುದ್ದಿಯೂ ಬಂದು ಇಳಿಯುತ್ತಿತ್ತು. ಯಾವ ಮನೆ ಮಾರಾಟಕ್ಕಿದೆ, ಎಲ್ಲಿ ಅಣ್ಣತಮ್ಮಂದಿರು ಪಾಲಾಗುತ್ತಿದ್ದಾರೆ ಎನ್ನುವುದೆಲ್ಲ ಮಾವನವರಿಗೆ ಮೊದಲು ಗೊತ್ತಾಗುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಅದನ್ನು ಅತ್ತೆಗೆ ಹೇಳುವುದು, ಬೆಳಿಗ್ಗೆ ಅತ್ತೆ ಬಸ್ಸು ಹತ್ತುವುದು. ಭಾನುವಾರವಾದರೆ ಮಾವನವರೂ ಕೊಡೆ ಹಿಡಿದು ಹಿಂದೆ ಹೊರಡುತ್ತಿದ್ದರು.

ಅಂಥ ಮನೆಗಳಲ್ಲಿ ಪಾಲಿಗೆ ಸಿಕ್ಕದ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಸವಾಲು, ಎಂದರೆ ಹರಾಜು, ಕೂಗುತ್ತಿದ್ದರು. ಬಂದವರ ಕಣ್ಣೆಲ್ಲ ಹಿತ್ತಾಳೆ ಕೊಪ್ಪರಿಗೆಯ ಮೇಲೆ, ತೇಗದ ಬಾಗಿಲಿನ ಮೇಲೆ. ಅತ್ತೆ ನೇರವಾಗಿ ಹೋಗುತ್ತಿದ್ದದ್ದು ಮುರುಕು ಸಾಮಾನಿನ ಗುಡ್ಡೆಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳೆಂದರೆ ಅಲ್ಲಿಂದ ಏನಾದರೂ ಹೊರಟೇ ಹೊರಡುತ್ತಿತ್ತು. ಕಾಲು ಮುರಿದ ಮರದ ಆನೆ, ಬೆರಳುದ್ದದ ಹಿತ್ತಾಳೆ ಅಡುಗೆ ಪಾತ್ರೆಗಳು, ಅರ್ಧ ಕವಡೆ ಕಳೆದುಹೋದ ಚನ್ನೆಮಣೆ, ಮೊಳೆ ಸವೆದ ಬುಗುರಿ. ಒಮ್ಮೆ ತುರುವೇಕೆರೆಯ ಹತ್ತಿರದ ಮನೆಯೊಂದರಲ್ಲಿ ಭತ್ತದ ಕಣಜದ ತಳದಲ್ಲಿ ತಗಡಿನ ಆಟದ ಮೋಟಾರು ಸಿಕ್ಕಿತಂತೆ. ಓಡುತ್ತದೋ ಇಲ್ಲವೋ ನೋಡೋಣವೆಂದು ಅವಳು ಕೀಲಿ ಕೊಟ್ಟು ಬಿಟ್ಟದ್ದೇ ತಡ, ಅದು ಸವಾಲಿಗೆ ಕೂತಿದ್ದ ದೊಡ್ಡ ಮನುಷ್ಯರ ಕಾಲ ಸಂದಿಯಲ್ಲೆಲ್ಲ ಗರ್ರ್ ಎಂದು ಓಡಾಡಿ, ಒಬ್ಬರು ಹಾವೆಂದು ಬೆಂಚು ಹತ್ತಿ ನಿಂತರಂತೆ. ಕೊನೆಗೆ ಮಾವನವರು ಕೊಡೆ ಅಡ್ಡ ಹಾಕಿ ನಿಲ್ಲಿಸಿದರಂತೆ. ಈ ಕತೆಯನ್ನು ಮಾವನವರು ಹೇಳಿದಷ್ಟು ಸಲವೂ ಬೆಂಚು ಎತ್ತರವಾಗುತ್ತಾ ಹೋಗುತ್ತಿತ್ತು.

ತಂದದ್ದನ್ನು ಅವಳು ಬೀರುವಿನೊಳಗೆ ಇಟ್ಟು ಬೀಗ ಹಾಕಿದವಳಲ್ಲ. ರಿಪೇರಿ ಮಾಡಿ, ಬಣ್ಣ ತೀಡಿ, ಜಗಲಿಯ ಮೇಲೆ ಸಾಲಾಗಿ ಇಡುತ್ತಿದ್ದಳು. ಬೀದಿಯ ಮಕ್ಕಳು ಯಾರು ಬೇಕಾದರೂ ಆಡಬಹುದು, ಮನೆಗೂ ಒಯ್ಯಬಹುದು. "ಮುರುದ್ರೆ ತಂದು ತೋರ್ಸಿ, ಬಚ್ಚಿಡಬ್ಯಾಡಿ. ನಾನು ಬೈಯಲ್ಲ, ಆದ್ರೆ ಹೆಂಗೆ ಮುರುದ್ರಿ ಅಂತ ಹೇಳಬೇಕು" ಎನ್ನುವುದೊಂದೇ ಕಾನೂನು. ಹೇಳಿದ ಮಗುವನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಅಂಟು ಹಾಕುತ್ತಿದ್ದಳು. ರಜೆಗೆ ಹೋದಾಗ ನಾನೂ ಹಾಗೆ ಕೂತಿದ್ದೇನೆ.

ಅವಳ ಇಬ್ಬರು ಗಂಡುಮಕ್ಕಳೂ ಆಗಲೇ ಹೈಸ್ಕೂಲು ದಾಟಿದ್ದರು. ಬೀದಿಯ ಹೆಂಗಸರು, "ಮೊಮ್ಮಕ್ಕಳು ಬರೋಕೆ ಮುಂಚೇನೇ ಕೂಡಿಡ್ತಿದೀರಾ?" ಎಂದು ಕೆಣಕುತ್ತಿದ್ದರು. ಅತ್ತೆ ತಲೆಯೆತ್ತದೆ, "ನಂಗೇ ಕಣ್ರೀ" ಅನ್ನುತ್ತಿದ್ದಳು. ಅದು ತಮಾಷೆಯಲ್ಲ ಎಂದು ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ. ಆನೆಯ ಕಾಲಿಗೆ ಬಣ್ಣ ಹಚ್ಚುತ್ತಾ ಅವಳು ಹೇಳಿದಳು: "ನನ್ನ ಮದುವೆ ಆದಾಗ ನಿನಗಿಂತ ಒಂಚೂರು ದೊಡ್ಡೋಳು ನಾನು. ಪೆಟ್ಟಿಗೆ ತುಂಬಾ ಸೀರೆ ತುಂಬುದ್ರು. ಆಟದ ಸಾಮಾನು ಇಡ್ತೀನಿ ಅಂದ್ರೆ ಎಲ್ಲಾರೂ ನಕ್ಕುಬುಟ್ರು. ನಾನಿನ್ನೂ ಆಡಿ ಮುಗಿಸಿರ್ಲಿಲ್ಲ ಕಣೇ."

ಅವಳು ಬಿಟ್ಟುಬಂದ ಸಾಮಾನಿನಲ್ಲಿ ಒಂದನ್ನು ಮಾತ್ರ ಮರೆತಿರಲಿಲ್ಲ. ನಮ್ಮ ತಾತ ಅವಳಿಗೆ ಮಾಡಿಕೊಟ್ಟಿದ್ದ ಕಾಯಿ ಬಸವ. ಒಣಗಿದ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಮಚ್ಚಿನಿಂದ ಕೆತ್ತಿ ಮುಖ ಮಾಡಿ, ಹುಣಸೆ ಕಡ್ಡಿಯ ಕೊಂಬು ಸಿಕ್ಕಿಸಿ, ಕೆಳಗೆ ಗಾಲಿ ಕೂರಿಸಿದ್ದರಂತೆ. ಒಳಗಿನ ಕೊಬ್ಬರಿಯನ್ನು ಸಣ್ಣ ತೂತಿನಿಂದ ತಂತಿ ಹಾಕಿ ಕೆರೆದು ತೆಗೆದು, ಹಿಡಿ ಗುಲಗಂಜಿ ತುಂಬಿ, ಮೇಣದಿಂದ ಮುಚ್ಚಿದ್ದರು. ದಾರ ಹಿಡಿದು ಎಳೆದರೆ ಸರಸರ ಸದ್ದು ಮಾಡುತ್ತಾ ಹಿಂದೆ ಬರುತ್ತಿತ್ತು. ತವರಿಗೆ ಬಂದಾಗಲೆಲ್ಲ ಅತ್ತೆ ಅದನ್ನು ಕೇಳುವಳು. "ಅಟ್ಟದ ಮೂಲೇಲಿ ಮಂಕರೀಲೈತೆ, ಕಾಯಿ ಇಳಿಸಿದಾಗ ನೋಡಾನ" ಎಂಬ ಉತ್ತರ ಬರುವುದು. ತುಂಬಿದ ಅಟ್ಟದಲ್ಲಿ ಆ ಮೂಲೆಗೆ ಹೋಗುವವರು ಯಾರು?

ನಮ್ಮ ಮನೆ ಇದ್ದದ್ದು ಶೆಟ್ಟಿಕೆರೆ ಕಡೆ. ನನಗೆ ಹತ್ತು ವರ್ಷವಿದ್ದಾಗ ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮೂವರೂ ಪಾಲಾದರು. ತಾತ, ಅಜ್ಜಿ ಆಗಲೇ ಇರಲಿಲ್ಲ. ಹಾಲ್ಕುರಿಕೆಯಿಂದ ನೆಂಟರ ಪೈಕಿ ಹಿರಿಯರೊಬ್ಬರು ಪಾಲು ಮಾಡಿಸಲು ಬಂದಿದ್ದರು. ಸುದ್ದಿ ತಿಳಿದು ಅತ್ತೆಯೂ ಮಾವನವರೂ ಬಂದಿಳಿಯುವಷ್ಟರಲ್ಲಿ ಅಟ್ಟ ಖಾಲಿಯಾಗಿ, ಕಾಯಿಗಳು ಅಂಗಳದಲ್ಲಿ ಮೂರು ರಾಶಿಯಾಗಿ ಬಿದ್ದಿದ್ದವು. ಅತ್ತೆ ಕೈಕಾಲು ತೊಳೆದವಳೇ ಏಣಿ ಹತ್ತಿದಳು. ಮೂಲೆಯಲ್ಲಿ ಬಿದಿರಿನ ಮಂಕರಿ ಇತ್ತು. ಒಳಗೆ ಏನೂ ಇರಲಿಲ್ಲ.

"ಇದ್ರಾಗಿದ್ದದ್ದು ಎಲ್ಲಿ?" ಎಂದು ಮೇಲಿನಿಂದಲೇ ಕೂಗಿದಳು.

ಕಾಯಿ ಇಳಿಸಿದ್ದ ಆಳು ಅಂಗಳದಲ್ಲಿ ಬೀಡಿ ಸೇದುತ್ತಾ ಕೂತಿದ್ದ. "ಅದ್ರಾಗೊಂದು ಕಾಯಿತ್ತು ಕಣಕ್ಕ. ಅಲ್ಲಾಡ್ಸಿ ನೋಡ್ದೆ, ಸದ್ದು ಬಂತು. ಕೊಬ್ಬರಿ ಆಗೈತೆ ಅಂತ ರಾಶಿಗೆ ಹಾಕ್ದೆ" ಅಂದ.

ಅವನದೇನೂ ತಪ್ಪಿಲ್ಲ. ನಮ್ಮ ಕಡೆ ಕಾಯಿಯನ್ನು ಸಿಪ್ಪೆಯೊಡನೆ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತಾರೆ. ಒಳಗಿನ ತಿರುಳು ಒಣಗಿ ಉಂಡೆಯಾಗಿ ಚಿಪ್ಪು ಬಿಟ್ಟರೆ ಅಲ್ಲಾಡಿಸಿದಾಗ ಸದ್ದು ಬರುತ್ತದೆ. ಹಾಗಾಗಿ ನಮ್ಮವರು ಕಾಯಿಯನ್ನು ಕಣ್ಣಿನಿಂದ ನೋಡುವುದಿಲ್ಲ, ಕಿವಿಗೆ ಹಿಡಿಯುತ್ತಾರೆ. ಬಸವನ ಕೊಂಬು, ಗಾಲಿ ಎಂದೋ ಉದುರಿಹೋಗಿದ್ದವು. ಒಲೆಯ ಹೊಗೆಗೆ ಮೈಯೆಲ್ಲ ಮಸಿ ಹಿಡಿದು ಮುಖದ ಕೆತ್ತನೆ ಮುಚ್ಚಿಹೋಗಿತ್ತು. ಮರುದಿನ ಬೆಳಿಗ್ಗೆ ವ್ಯಾಪಾರಿಯ ಆಳುಗಳು ಬಂದು ಎಲ್ಲವನ್ನೂ ಸುಲಿದು ಒಡೆಯುವವರಿದ್ದರು.

ಅತ್ತೆ ಇಳಿದು ಬಂದು ರಾಶಿಯ ಮುಂದೆ ನಿಂತಳು. "ಅಣ್ಣ, ಒಂದೊಂದೇ ನೋಡ್ತೀನಿ" ಅಂದಳು.

"ಪಾಲು ಮಾಡಿ ಆಗೈತೆ ಕಣವ್ವ. ಈಗ ಯಾರೂ ಮುಟ್ಟಂಗಿಲ್ಲ. ನಾಳೆ ಒಂದು ಕಾಯಿ ಹೆಚ್ಚುಕಮ್ಮಿ ಆದ್ರೆ ನಿನ್ನ ಹೆಸರು ಬತ್ತದೆ" ಎಂದ ದೊಡ್ಡಪ್ಪ. ದೊಡ್ಡಪ್ಪ ಕೆಟ್ಟವನಲ್ಲ. ಆದರೆ ಪಾಲಿನ ದಿನ ಯಾರೂ ಎಂದಿನಂತಿರುವುದಿಲ್ಲ.

"ನಿಮ್ಮ ಕಣ್ಮುಂದೇನೇ ತಗೀತೀನಿ, ಅಲ್ಲೇ ಇಡ್ತೀನಿ. ಬೇಕಾರೆ ಮೂರು ಜನಾನೂ ಕಾವಲು ಕೂತ್ಕಳಿ" ಎಂದು ಹೇಳಿ ಅತ್ತೆ ಹಿರಿಯರ ಮುಖ ನೋಡಿದಳು. ಅವರು ಆಗಲಿ ಎನ್ನುವಂತೆ ಕೈಯಾಡಿಸಿದರು.

ಅವಳು ಕೂತಳು. ಒಂದು ಕಾಯಿ ಎತ್ತುವುದು, ಕಿವಿಯ ಹತ್ತಿರ ಅಲ್ಲಾಡಿಸುವುದು, ಪಕ್ಕಕ್ಕಿಡುವುದು. ದೊಡ್ಡಪ್ಪನ ರಾಶಿ ಮುಗಿಯಿತು, ಇಲ್ಲ. ಅಪ್ಪನ ರಾಶಿ ಮುಗಿಯಿತು, ಇಲ್ಲ. ಅಮ್ಮ ತಂದಿಟ್ಟ ಕಾಫಿ ಆರಿ ಕೆನೆಗಟ್ಟಿತು. ಕೆನ್ನೆ, ಕಿವಿಯೆಲ್ಲ ಮಸಿಯಾಗಿದ್ದ ಅತ್ತೆಯನ್ನು ನೋಡಿ ಚಿಕ್ಕಪ್ಪ, "ಅಕ್ಕ, ಕನ್ನಡಿ ಕೊಡ್ಲಾ?" ಎಂದು ನಗಾಡಿದ. ಅವಳು ಅವನದೇ ರಾಶಿಗೆ ಕೈ ಹಾಕಿದಳು. ಹೊತ್ತು ಇಳಿಯುತ್ತಾ ಬಂದಿತ್ತು. ಆಗ ಬಂತು ಆ ಸದ್ದು. ಕೊಬ್ಬರಿ ಉಂಡೆಯ ದಪ್ಪ ಸದ್ದಲ್ಲ, ಸರಸರ ಎನ್ನುವ ತೆಳು ಸದ್ದು.

ಅದು ಅತ್ತೆಗೊಬ್ಬಳಿಗೇ ಗೊತ್ತಾದದ್ದಲ್ಲ. ಬೆಳಗಿನಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ ನಮ್ಮಪ್ಪ ಎದ್ದು ನಿಂತ. ದೊಡ್ಡಪ್ಪ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ. "ನಮ್ಮ ಬಸವ ಅಲ್ವಾ?" ಎಂದ ಚಿಕ್ಕಪ್ಪನ ದನಿ ಮಗುವಿನ ದನಿಯಾಗಿತ್ತು. ಅತ್ತೆ ಸೆರಗಿನಿಂದ ಒರೆಸಿದಳು. ಮಸಿಯೊಳಗಿನಿಂದ ತಾತ ಕೆತ್ತಿದ ಮೂತಿ, ಎರಡು ಕಣ್ಣು ಕಾಣಿಸಿದವು.

ಆಮೇಲೆ ಆದದ್ದನ್ನು ನೆನೆದರೆ ನಗುವೂ ಬರುತ್ತದೆ. ಅಷ್ಟು ವರ್ಷ ಯಾರಿಗೂ ಬೇಡವಾಗಿದ್ದ ಬಸವ ಈಗ ಎಲ್ಲರಿಗೂ ಬೇಕಾಯಿತು. "ನನ್ನ ರಾಶೀಲಿ ಬಂದದ್ದು, ನಂದು" ಎಂದ ಚಿಕ್ಕಪ್ಪ. "ಅದೇನು ಕಾಯೇನ್ಲಾ ಪಾಲಿಗೆ ಬರಕ್ಕೆ? ಅಪ್ಪ ಮಾಡಿದ್ದು. ನಾನು ಹಿರೀಮಗ" ಎಂದ ದೊಡ್ಡಪ್ಪ. ಹಿರಿಯರು ಕೆಮ್ಮಿ, ಭಾಗ ಮಾಡಲಾಗದ ವಸ್ತು ಸವಾಲಿಗೆ ಬರಬೇಕು, ಪಾಲುದಾರರು ಮೂವರೂ ಕೂಗಬಹುದು ಅಂದರು.

"ನಾಲ್ವರು" ಅಂದಳು ಅತ್ತೆ.

ಅಡುಗೆಮನೆಯ ಬಾಗಿಲಲ್ಲಿದ್ದ ಹೆಂಗಸರೆಲ್ಲ ಕತ್ತು ಚಾಚಿ ನೋಡಿದರು. ಮನೆಯೊಳಗಿನ ಸವಾಲಿನಲ್ಲಿ ಹೆಣ್ಣುಮಕ್ಕಳು ಕೂಗುವ ರೂಢಿ ನಮ್ಮಲ್ಲಿ ಇರಲಿಲ್ಲ. ಹುಟ್ಟಿದ ಮನೆ ಪಾಲಾಗುವ ದಿನ ಬಂದು ಅರಿಶಿನ ಕುಂಕುಮ, ಕುಪ್ಪಸದ ಕಣ ಇಸಕೊಂಡು ಹೋಗುವುದಷ್ಟೇ.

"ನಿಂಗೆ ಅಷ್ಟು ಆಸೆ ಇದ್ರೆ ಕೇಳವ್ವ, ಕೊಟ್ಬುಡ್ತೀನಿ. ಸವಾಲು ಗಿವಾಲು ಬ್ಯಾಡ" ಎಂದ ದೊಡ್ಡಪ್ಪ. ನನಗೆ ಅಲ್ಲಿಗೆ ಎಲ್ಲ ಮುಗಿಯಿತು, ಬಸವ ಅತ್ತೆಗೆ ಸಿಕ್ಕಿತು ಅನ್ನಿಸಿತು. ಅತ್ತೆ ಮಾತ್ರ ಬಸವನನ್ನು ಹಿರಿಯರ ಮುಂದೆ ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

"ಕೇಳಿ ಇಸ್ಕಂಡ್ರೆ ನೀನು ಕೊಟ್ಟದ್ದು ಆಯ್ತದೆ ಅಣ್ಣ. ಕೂಗಿ ತಗಂಡ್ರೆ ನಂದು" ಅಂದಳು. ಆಮೇಲೆ ಹಿರಿಯರ ಕಡೆ ತಿರುಗಿ, "ಯಜಮಾನ್ರೇ, ಹುಳಿಯಾರಿಂದ ತುರುವೇಕೆರೆ ಗಂಟ ಎಷ್ಟು ಮನೆ ಅಂಗಳದಾಗೆ ನಾನು ಸವಾಲು ಕೂಗಿದೀನಿ. ನೀನು ಹೆಣ್ಣಾ ಗಂಡಾ ಅಂತ ಯಾರೂ ಕೇಳ್ಲಿಲ್ಲ. ಊರೋರ ಮನೇಲಿ ನಡೆಯೋ ನನ್ನ ಕೂಗು ನಮ್ಮಪ್ಪನ ಮನೇಲಿ ನಡಿಯಲ್ವಾ?" ಎಂದು ಕೇಳಿದಳು.

ದನಿ ಏರಿಸಿರಲಿಲ್ಲ. ಸಂತೆಯಲ್ಲಿ ಸೊಪ್ಪಿನ ಬೆಲೆ ಕೇಳುವಷ್ಟು ಸಹಜವಾಗಿ ಕೇಳಿದ್ದಳು. ಹಿರಿಯರು ವಿಭೂತಿಯ ಹಣೆ ಉಜ್ಜಿಕೊಂಡರು. "ಬ್ಯಾಡ ಅನ್ನಕ್ಕೆ ನಂಗೆ ಬಾಯಿ ಬರ್ತಾ ಇಲ್ಲ. ಕೂಗವ್ವ" ಅಂದರು.

ಸವಾಲು ಶುರುವಾಯಿತು. ಅಪ್ಪ ಕೂಗಲೇ ಇಲ್ಲ. ಚಿಕ್ಕಪ್ಪ ಒಂದೆರಡು ಸಲ ಕೂಗಿ, ಚಿಕ್ಕಮ್ಮ ಬಾಗಿಲಿನಿಂದ ನೋಡಿದ ನೋಟಕ್ಕೆ ಕೂತ. ದೊಡ್ಡಪ್ಪ ಅರ್ಧ ಮನಸ್ಸಿನಿಂದ ನಿಲ್ಲಿಸಲು ಹೋದಾಗ ಅತ್ತೆಗೆ ಸಿಟ್ಟೇ ಬಂತು. "ಸುಮ್ಕೆ ಬುಟ್ಕೊಡಬ್ಯಾಡ ಅಣ್ಣ. ಬೇಕಿದ್ರೆ ಕೂಗು, ಬೇಕಾಗೈತೆ ನಿಂಗೂ. ನಂಗೊತ್ತು" ಅಂದಳು. ಅವನಿಗೆ ನಿಜವಾಗಿಯೂ ಬೇಕಾಗಿತ್ತು. ಕೂಗಿದ. ಅವಳು ಮೇಲೆ ಕೂಗಿದಳು. ಮತ್ತೆ ಅವನು, ಮತ್ತೆ ಅವಳು. ಒಳ್ಳೆಯ ಸೀರೆಯೊಂದರ ಬೆಲೆ ದಾಟಿದಾಗ ನಾನು ಮಾವನವರ ಮುಖ ನೋಡಿದೆ. ಅವರು ಕೊಡೆಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡು ಆಕಾಶ ನೋಡುತ್ತಿದ್ದರು.

"ನನ್ನ ಕೈಲಾಗಲ್ಲ. ಗೆದ್ದೆ ಬುಡವ್ವ" ಎಂದ ದೊಡ್ಡಪ್ಪ.

ಹಿರಿಯರು ಮೂರು ಸಲ ಕೂಗಿ ಮುಗಿಸಿದರು. ಅತ್ತೆ ಸೆರಗಿನ ಗಂಟು ಬಿಚ್ಚಿ ಅಲ್ಲೇ ದುಡ್ಡು ಕೊಟ್ಟಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ನನ್ನ ಕಣ್ಣಲ್ಲಿತ್ತು. ಹೊರಡುವಾಗ ದೊಡ್ಡಮ್ಮ ತಟ್ಟೆಯಲ್ಲಿ ಅರಿಶಿನ ಕುಂಕುಮ, ಕುಪ್ಪಸದ ಕಣ ತಂದಳು. ಅದನ್ನೂ ಅತ್ತೆ ಸಂತೋಷದಿಂದಲೇ ತೆಗೆದುಕೊಂಡಳು. "ಇದು ಮನೆ ಮಗಳಿಗೆ, ಅದು ಕೂಗಿದೋಳಿಗೆ" ಎಂದು ನಕ್ಕಳು. ಬಸ್ಸಿನಲ್ಲಿ ತಿಪಟೂರಿನ ತನಕ ಬಸವ ಅವಳ ತೊಡೆಯ ಮೇಲೆಯೇ ಇತ್ತಂತೆ.

ಹೊಸ ಕೊಂಬು, ಹೊಸ ಗಾಲಿ ಕೂರಿಸಿ ಅವಳು ಅದನ್ನೂ ಜಗಲಿಗೇ ಇಟ್ಟಳು. ಅಷ್ಟು ಹಟ ಮಾಡಿ ತಂದದ್ದನ್ನು ಬೀದಿಯ ಮಕ್ಕಳು ದರದರ ಎಳೆದಾಡುವುದನ್ನು ನೋಡಿ ನನಗೇ ಹೊಟ್ಟೆ ಉರಿಯುತ್ತಿತ್ತು. ಕೊಬ್ಬರಿ ಹಾಕಲು ತಿಪಟೂರಿಗೆ ಬಂದಾಗಲೆಲ್ಲ ದೊಡ್ಡಪ್ಪ ತಂಗಿಯ ಮನೆಗೆ ಬಂದು ಊಟ ಮಾಡಿ, ಜಗಲಿಯಲ್ಲಿ ಕೂತು ಯಾರೂ ಇಲ್ಲದಾಗ ಬಸವನ ದಾರ ಎಳೆಯುತ್ತಿದ್ದ. ಅತ್ತೆ ಒಳಗಿನಿಂದ ಕೇಳಿಸಿಕೊಂಡು ನಮಗೆ ಸುಮ್ಮನಿರುವಂತೆ ಸನ್ನೆ ಮಾಡುತ್ತಿದ್ದಳು.

ಎಂಬತ್ತರ ದಶಕದ ನಡುವಿನಲ್ಲಿ ಅವಳು ತೀರಿಕೊಂಡಳು. ಒಂದು ವಾರದ ಜ್ವರ, ಅಷ್ಟೇ. ಆ ಹೊತ್ತಿಗೆ ದೊಡ್ಡವರಾಗಿ ಮೀಸೆ ಬಂದಿದ್ದ ಬೀದಿಯ ಹುಡುಗರು ಬಂದು ಹೆಗಲು ಕೊಟ್ಟರು. ನಾನು ಅವಳ ಸೋದರ ಸೊಸೆ ಎಂದು ಹೇಳಿಕೊಳ್ಳುವಾಗ ಇಂದಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಇದನ್ನು ಮುಚ್ಚಿಡುವ ಸಂಕೋಚ ನನಗಿಲ್ಲ.

ಅವಳು ಹೋದ ಎರಡು ವರ್ಷಕ್ಕೆ, ನಮ್ಮಪ್ಪನೂ ಹೋದ ಮೇಲೆ, ನನ್ನ ಅಣ್ಣಂದಿರಿಬ್ಬರೂ ಪಾಲಾದರು. ಹಾಲ್ಕುರಿಕೆಯ ಅದೇ ಹಿರಿಯರು ಕೋಲೂರಿಕೊಂಡು ಬಂದಿದ್ದರು. ನನಗೆಂದು ತಟ್ಟೆಯಲ್ಲಿ ಅರಿಶಿನ ಕುಂಕುಮ, ಕುಪ್ಪಸದ ಕಣ ತಯಾರಾಗಿತ್ತು. ಅತ್ತಿಗೆಯರು ಅಡುಗೆಮನೆಯ ಬಾಗಿಲಲ್ಲಿ ನನಗೆ ಜಾಗ ಬಿಟ್ಟಿದ್ದರು. ನಾನು ಒಂದು ಚಾಪೆ ಎಳೆದುಕೊಂಡು ಹೋಗಿ ಪಡಸಾಲೆಯ ನಡುವೆ ಅಣ್ಣಂದಿರ ಪಕ್ಕದಲ್ಲಿ ಕೂತೆ. ದೊಡ್ಡಣ್ಣ ಹಿರಿಯರ ಮುಖ ನೋಡಿದ. ಹಿರಿಯರು ನನ್ನ ಮುಖ ನೋಡಿದರು, ಶುರುವಾಗಲಿ ಎನ್ನುವಂತೆ ಕೈಯಾಡಿಸಿದರು. ಸವಾಲಿಗೆ ಮೊದಲು ಬಂದದ್ದು ಅಪ್ಪ ಓದುತ್ತಾ ಕೂರುತ್ತಿದ್ದ ಮರದ ಕುರ್ಚಿ. ಮೊದಲನೇ ಕೂಗು ನಾನೇ ಕೂಗಿದೆ.