ಮೂರನೆಯವರಾಗಿ ನಿಂತವರು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಲೈಸೆನ್ಸ್ ಆಫೀಸಿನಲ್ಲಿ ಇನ್‌ಸ್ಪೆಕ್ಟರ್. ಇಪ್ಪತ್ತೆರಡು ವರ್ಷದಿಂದ ಅವರ ಕೆಲಸ ಒಂದೇ: ಪಕ್ಕದ ಸೀಟಿನಲ್ಲಿ ಕೂತು, ಗಾಡಿ ಓಡಿಸುವವರು ಪಾಸೋ ಫೇಲೋ ಎಂದು ಬರೆಯುವುದು. ಪರೀಕ್ಷೆಗೆ ಬಂದವರು ಕೊಟ್ಟ ಒಂದು ಲೋಟ ಟೀ ಕೂಡ ಮುಟ್ಟಿದವರಲ್ಲ. ಯಾರ ಮುಲಾಜಿಗೂ ಬಿದ್ದವರಲ್ಲ. ನನ್ನನ್ನೇ ಎರಡು ಸಲ ಫೇಲ್ ಮಾಡಿ, ಅದೇ ಸಂಜೆ ಮನೆಗೆ ಊಟಕ್ಕೆ ಕರೆದ ಪುಣ್ಯಾತ್ಮ.

ಅವರ ಆಫೀಸಿನ ಗೇಟಿನ ಪಕ್ಕದಲ್ಲೇ ನನ್ನ ಜೆರಾಕ್ಸ್ ಅಂಗಡಿ. ಹಾಗಾಗಿ ಭಾವನಿಗೆ ಗೊತ್ತಿಲ್ಲದ ಸಂಗತಿಯೊಂದು ನನಗೆ ಗೊತ್ತಿತ್ತು. ಸಾಲಾಗಿ ಇಬ್ಬರು ಪಾಸಾದರೆ, ಮೂರನೆಯವರಾಗಿ ಹೋಗಲು ಯಾರೂ ತಯಾರಿರುತ್ತಿರಲಿಲ್ಲ. ಒಬ್ಬನ ಶೂ ಲೇಸು ಬಿಚ್ಚಿಹೋಗುತ್ತಿತ್ತು, ಇನ್ನೊಬ್ಬನಿಗೆ ತುರ್ತಾಗಿ ಫೋನು ಬರುತ್ತಿತ್ತು. "ನೀವು ಮುಂದೆ ಹೋಗಿ, ಪರವಾಗಿಲ್ಲ" ಎಂಬ ಆ ಸೌಜನ್ಯವನ್ನು ನೋಡಬೇಕಿತ್ತು. ಕೊನೆಗೆ ಏನೂ ತಿಳಿಯದ ಯಾರೋ ಮುಂದೆ ಹೋಗಿ ಫೇಲಾಗಿ ಬರುತ್ತಿದ್ದರು. ನಾನು ಒಳಗೊಳಗೇ ನಕ್ಕು ಸುಮ್ಮನಿರುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಮ್ಮೆ ಅರ್ಥಶಾಸ್ತ್ರದ ಮೇಡಂ ಒಬ್ಬರು ಬಂದರು. ತೀರ್ಮಾನ ಮಾಡುವಾಗ ಮನುಷ್ಯರು ಎಲ್ಲಿ ಎಡವುತ್ತಾರೆ ಎಂಬುದು ಅವರ ಸಂಶೋಧನೆ. ಏಳು ವರ್ಷದ ಫಲಿತಾಂಶದ ರಿಜಿಸ್ಟರುಗಳನ್ನೆಲ್ಲ ನನ್ನ ಅಂಗಡಿಯಲ್ಲೇ ಕಾಪಿ ಮಾಡಿಸಿಕೊಂಡು ಹೋದರು. ಮೂರು ತಿಂಗಳ ಮೇಲೆ ಮತ್ತೆ ಬಂದು ಭಾವನ ಎದುರು ಕೂತರು. ನಾನೂ ಅಲ್ಲೇ ಇದ್ದೆ.

"ಬೇರೆ ಹೊತ್ತಲ್ಲಿ ಹತ್ತರಲ್ಲಿ ನಾಲ್ಕು ಜನ ಫೇಲ್ ಆಗ್ತಾರೆ ಸರ್. ಸಾಲಾಗಿ ಇಬ್ಬರು ಪಾಸ್ ಆದ್ಮೇಲೆ ಬರೋರಲ್ಲಿ ಏಳು ಜನ."

"ಅವರು ಸರಿಯಾಗಿ ಕಲ್ತಿರಲ್ಲ," ಎಂದರು ಭಾವ.

"ಏಳು ವರ್ಷದಿಂದ ಮೂರನೇವ್ರೇ ಕಲೀದೆ ಬರ್ತಿದಾರಾ ಸರ್?" ಮೇಡಂ ಮೆತ್ತಗೆ ಕೇಳಿದರು. "ಇದು ಮೋಸ ಅಲ್ಲ. ಇಬ್ಬರನ್ನ ಪಾಸ್ ಮಾಡಿದ್ಮೇಲೆ, ತುಂಬಾ ಸಡಿಲ ಬಿಟ್ನೇನೋ ಅಂತ ಯಾರಿಗಾದ್ರೂ ಅನ್ಸುತ್ತೆ. ನಿಮಗೇ ತಿಳೀದಂಗೆ ಬಿಗಿ ಮಾಡ್ತೀರಿ."

ಭಾವನ ಮುಖ ಕೆಂಪಾಯಿತು. "ನಾನು ಗಾಡಿ ನೋಡ್ತೀನಿ ಮೇಡಂ, ಕ್ಯೂ ನೋಡಲ್ಲ," ಎಂದು ಎದ್ದುಹೋದರು.

ಆ ರಾತ್ರಿ ನಾನೂ ಅವರ ಮನೆಯಲ್ಲೇ ಊಟಕ್ಕೆ ಕೂತಿದ್ದೆ. ಭಾವ ನಡೆದದ್ದನ್ನೆಲ್ಲ ಹೇಳಿ, ಅಕ್ಕನಾದರೂ ತಮ್ಮ ಪರ ಮಾತಾಡುತ್ತಾಳೆ ಎಂದುಕೊಂಡಿದ್ದರು. ಅಕ್ಕ ಬಡಿಸುತ್ತಲೇ, "ಮೇಡಂ ಹೇಳಿದ್ದು ಸರೀನೇ ಇದೆ. ಎರಡು ದಿನ ಅಡುಗೆ ಚೆನ್ನಾಗಿದೆ ಅಂದ್ರೆ ಮೂರನೇ ದಿನ ಉಪ್ಪು ಜಾಸ್ತಿ ಅಂತೀರಿ," ಎಂದಳು.

ಭಾವ ನನ್ನ ಕಡೆ ತಿರುಗಿದರು. "ಮೂರನೇವ್ರೇ ಜಾಸ್ತಿ ಫೇಲಾಗ್ತಾರೆ ಅಂತ ನಿಂಗೆ ಗೊತ್ತಿತ್ತೇನೋ?"

"ಹೂಂ ಭಾವ," ಎಂದೆ. ಅವರು ಅರ್ಧ ಊಟಕ್ಕೇ ಕೈ ತೊಳೆದರು.

ಮರುದಿನ ಬೆಳಿಗ್ಗೆ ಮೊದಲ ಇಬ್ಬರೂ ಪಾಸು. ಮೂರನೆಯವಳಾಗಿ ಒಬ್ಬ ಹೆಂಗಸನ್ನು ಎಲ್ಲರೂ ಸೇರಿ ಮುಂದೆ ಕಳಿಸಿದರು. ಆಗಲೇ ಎರಡು ಸಲ ಫೇಲಾದವಳು. ಬ್ರೆಡ್ಡಿನ ವ್ಯಾನ್ ಓಡಿಸುವ ಕೆಲಸ ಸಿಕ್ಕಿದೆ, ಸೋಮವಾರದೊಳಗೆ ಲೈಸೆನ್ಸ್ ತೋರಿಸದಿದ್ದರೆ ಬೇರೆಯವರಿಗೆ ಕೊಡುತ್ತಾರೆ ಎಂದು ಅರ್ಜಿ ಕಾಪಿ ಮಾಡಿಸುವಾಗ ನನ್ನ ಬಳಿ ಹೇಳಿಕೊಂಡಿದ್ದಳು. ಅವಳನ್ನು ತಡೆಯಬೇಕು ಅನ್ನಿಸಿತು. ಅಷ್ಟರಲ್ಲಿ ಗಾಡಿ ಹತ್ತಿಯಾಗಿತ್ತು.

ಪರೀಕ್ಷೆಯಲ್ಲಿ, ನನ್ನ ಅಂಗಡಿಯೆದುರಿನ ದಿಬ್ಬದ ಬಿಳಿ ಗೆರೆಯ ಮೇಲೆ ಗಾಡಿ ನಿಲ್ಲಿಸಿ ಮತ್ತೆ ಹೊರಡಬೇಕು. ಹೊರಡುವಾಗ ಗಾಡಿ ಹಿಂದಕ್ಕೆ ಜಾರಿತು. ಭಾವ ಪೆನ್ನು ತೆಗೆದರು, ಆದರೆ ಬರೆಯಲಿಲ್ಲ. "ಹಾಗೇ ಬ್ರೇಕ್ ಹಿಡ್ಕೊಂಡಿರಮ್ಮ," ಎಂದು ಕೆಳಗಿಳಿದು ನನ್ನನ್ನು ಕೂಗಿದರು. "ಸ್ಕೇಲ್ ತಗೊಂಡು ಬಾರೋ."

ಮೂವತ್ತು ಸೆಂಟಿಮೀಟರ್‌ವರೆಗೆ ಜಾರಿದರೆ ತಪ್ಪಲ್ಲ ಎಂದು ನಿಯಮವೇ ಇದೆ. ಅದನ್ನು ಭಾವ ಒಂದು ದಿನವೂ ಅಳೆದು ನೋಡಿದವರಲ್ಲ. ಎಲ್ಲ ಕಣ್ಣಳತೆಯಲ್ಲೇ ಮುಗಿಯುತ್ತಿತ್ತು. ಇಬ್ಬರೂ ಮಂಡಿಯೂರಿ ಗೆರೆಯಿಂದ ಚಕ್ರಕ್ಕೆ ಅಳೆದೆವು. ಹತ್ತೊಂಬತ್ತು ಬಂತು.

"ನನ್ನ ಕಣ್ಣಿಗೆ ನಲವತ್ತು ಕಂಡಿತ್ತು ಕಣೋ," ಎಂದರು, ನನಗೆ ಮಾತ್ರ ಕೇಳುವ ಹಾಗೆ. ನನಗೆ ಅವರನ್ನು ನೋಡಿ ಅಯ್ಯೋ ಅನ್ನಿಸಿತು.

ಪಾಸ್ ಎಂದು ಬರೆದ ಹಾಳೆಯನ್ನು ಆಕೆ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆದರೂ ಹೊರಡಲಿಲ್ಲ.

"ಸರ್, ಹೋದ ಎರಡು ಸಲಾನೂ ಗಾಡಿ ಹೀಗೇ ಜಾರಿತ್ತು. ಆಗ ಸ್ಕೂಲ್ ವ್ಯಾನಿನ ಕೆಲಸ ಕೈತಪ್ಪಿ ಹೋಯ್ತು. ಆಗ್ಲೂ ನಾನು ಪಾಸೇ ಆಗಿದ್ನಾ?"

ಭಾವ ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು.

"ಗೊತ್ತಿಲ್ಲಮ್ಮ," ಎಂದರು. "ಆವತ್ತು ನಾನು ಅಳತೆ ಮಾಡ್ಲಿಲ್ಲ."